ಪಾಟ್ಟು ಪುಸ್ತಕದ ಟ್ರಂಕು: ಐದನೇ ತಿಂಗಳು

ಟ್ರಂಕಿನ ಹಳೆಯ ಹಾಡಿನ ಪುಸ್ತಕಗಳಲ್ಲಿ ಇಲ್ಲಿಯವರೆಗೆ ಸ್ಕ್ಯಾನ್ ಆಗಿದ್ದು 62. ಬಾಕಿ ನೂರರ ಮೇಲಿದೆ. ಮೊದಲ ತಿಂಗಳ ಹುರುಪಿನಲ್ಲಿ ‘ಯುಗಾದಿಯೊಳಗೆ ಮುಗಿಸಿಬಿಡ್ತೀನಿ’ ಅಂತ ಮನೆಯಲ್ಲಿ ಕೊಚ್ಚಿಕೊಂಡಿದ್ದೆ. ಈಗ ಯಾರಾದರೂ ಕೇಳಿದರೆ, ಯಾವ ವರ್ಷದ ಯುಗಾದಿ ಅಂತ ಹೇಳಿರಲಿಲ್ಲವಲ್ಲ ಅನ್ನುತ್ತೇನೆ.

ಹಿಂದಿನದ್ದು ಓದದವರಿಗೆ ಎರಡು ಮಾತು. ಹಲಸೂರಿನಲ್ಲಿ ನಮ್ಮೆದುರು ಮನೆಯ ಪಾಟಿ (ತಮಿಳಿನಲ್ಲಿ ಅಜ್ಜಿ) ಅಟ್ಟ ಖಾಲಿ ಮಾಡಿಸುವಾಗ ತಗಡಿನ ಟ್ರಂಕೊಂದು ಕೆಳಗಿಳಿಯಿತು. ಅದರ ತುಂಬ ಹಳೆಯ ತಮಿಳು ಸಿನಿಮಾಗಳ ಹಾಡಿನ ಪುಸ್ತಕ. ತಮಿಳರು ಪಾಟ್ಟು ಪುಸ್ತಕ ಅನ್ನುತ್ತಾರೆ. ಟಾಕೀಸಿನ ಬಾಗಿಲಲ್ಲಿ ಆಣೆ ಲೆಕ್ಕದಲ್ಲಿ ಮಾರುತ್ತಿದ್ದ ತೆಳ್ಳನೆಯ ಕಾಗದದವು: ಮುಖಪುಟದಲ್ಲಿ ನಾಯಕ ನಾಯಕಿ, ಒಳಗೆ ಪಾತ್ರಧಾರಿಗಳ ಪಟ್ಟಿ, ಕಥಾಸಾರ, ಆಮೇಲೆ ಹಾಡುಗಳು. ರದ್ದಿಗೆ ಹಾಕೋಕೆ ಹೊರಟಿದ್ದರು, ನಾನು ಅಡ್ಡ ಬಿದ್ದೆ.

ಈ ತಿಂಗಳ ದೊಡ್ಡ ಎಡವಟ್ಟು ನನ್ನದೇ. ಪಿನ್ನುಗಳೆಲ್ಲ ತುಕ್ಕು ಹಿಡಿದು ಕಾಗದವನ್ನು ತಿಂದಿವೆ. ಅವಸರದಲ್ಲಿ ಉಗುರು ಹಾಕಿ ಒಂದನ್ನು ಎಳೆದೆ. ಪಿನ್ನಿನ ಜೊತೆ ನಡುವಿನ ಹಾಳೆಯೂ ಪುಡಿಪುಡಿಯಾಗಿ ಬಂತು. ಈಗ ಕ್ರಮ ಬದಲಾಗಿದೆ. ಹಿಂದಿನಿಂದ ಮೊಂಡು ಚಾಕುವಿನ ತುದಿಯಲ್ಲಿ ಪಿನ್ನಿನ ಕಾಲನ್ನು ನಿಧಾನಕ್ಕೆ ಎತ್ತಿ ನೆಟ್ಟಗೆ ಮಾಡುವುದು, ಮುಂದಿನಿಂದ ಹೊರತೆಗೆಯುವುದು, ಅದೇ ತೂತಿನಲ್ಲಿ ಹತ್ತಿಯ ದಾರ ಪೋಣಿಸುವುದು. ಸೆಲೋಟೇಪ್ ಮುಟ್ಟುವ ಹಾಗಿಲ್ಲ. ಪಾಟಿಯ ಯಜಮಾನರು ಎಂದೋ ಪ್ರೀತಿಯಿಂದ ಟೇಪು ಅಂಟಿಸಿದ್ದ ಕಡೆಯೆಲ್ಲ ಈಗ ಕಾಫಿ ಚೆಲ್ಲಿದಂತೆ ಕಂದು ಪಟ್ಟಿ, ಅಕ್ಷರ ಮಂಗಮಾಯ. ಚಪ್ಪಟೆ ಸ್ಕ್ಯಾನರ್‌ನಲ್ಲಿ ಒತ್ತಿದರೆ ಬೆನ್ನು ಮುರಿಯುತ್ತದೆ ಅಂತ ಮೊಬೈಲಿನಲ್ಲೇ ತೆಗೆಯುತ್ತಿದ್ದೇನೆ. ಮೇಲೊಂದು ಗಾಜು, ಪಕ್ಕದಲ್ಲಿ ಕಿಟಕಿ, ಬೆಳಗ್ಗೆ ಎಂಟರಿಂದ ಹತ್ತರ ಬೆಳಕು.

ಓದುವುದು ಇನ್ನೊಂದು ಪಾಡು. ಬೀದಿಯಲ್ಲಿ ಆಡಿ ಕಲಿತ ತಮಿಳು ನಾಲಿಗೆಗೆ ಸರಿ, ಕಣ್ಣಿಗೆ ಹೊಸದು. ಕ, ಖ, ಗ, ಘ ನಾಲ್ಕಕ್ಕೂ ಅವರಲ್ಲಿ ಒಂದೇ ಅಕ್ಷರ, ಪ ಫ ಬ ಭಗಳಿಗೂ ಹಾಗೇ. ‘ಎಂ. ಕೆ. ತ್ಯಾಗರಾಜ’ ಅಂತ ಕಷ್ಟಪಟ್ಟು ಓದಿ ಮುಂದಿನ ಪದಕ್ಕೆ ಬಂದರೆ ‘ಪಾಕವತರ್’. ಅಡುಗೆಭಟ್ಟರ ಮನೆತನವಿರಬೇಕು ಅಂದುಕೊಂಡೆ. ಪಾಟಿ ಹೊಟ್ಟೆ ಹಿಡಿದುಕೊಂಡು ನಕ್ಕರು. ಭಾಗವತರ್! ಆ ಕಾಲದ ಹೆಸರಾಂತ ಗಾಯಕ ನಟ.

ಪ್ರತಿ ಪುಸ್ತಕಕ್ಕೂ ನೋಟ್‌ಬುಕ್ಕಿನಲ್ಲಿ ಒಂದು ಸಾಲು ಇಟ್ಟಿದ್ದೇನೆ: ವರ್ಷ, ಕಂಪನಿ, ಮುದ್ರಣಾಲಯ, ಪುಟ, ಹಾಡು ಎಷ್ಟು. ಕೊನೆಯ ಕಲಂ ಸುಮ್ಮನೆ ಹಾಕಿಕೊಂಡದ್ದು, ಈಗ ಅದೇ ನನ್ನನ್ನು ಹಿಡಿದುಕೊಂಡಿದೆ. ಆ ಒಂದು ಕಲಮಿನಲ್ಲಿ ಮೇಲಿನಿಂದ ಕೆಳಕ್ಕೆ ಕಣ್ಣಾಡಿಸಿದರೆ ಸಿನಿಮಾ ನಾಟಕದ ಕಂಪನಿಯಿಂದ ಬಿಡಿಸಿಕೊಂಡದ್ದು ಕಾಣುತ್ತದೆ.

ಟ್ರಂಕಿನಲ್ಲಿಲ್ಲದ ಕೆಲವನ್ನೂ ಹೋಲಿಕೆಗೆ ಬರೆದುಕೊಂಡೆ. ಮೊದಲ ತಮಿಳು ಟಾಕಿ ‘ಕಾಳಿದಾಸ್’, 31 ಅಕ್ಟೋಬರ್ 1931, ಮದ್ರಾಸಿನ ಕಿನೆಮಾ ಸೆಂಟ್ರಲ್. ತಯಾರಾದದ್ದು ಬೊಂಬಾಯಿಯ ಇಂಪೀರಿಯಲ್ ಸ್ಟುಡಿಯೋದಲ್ಲಿ, ನಿರ್ದೇಶನ ಎಚ್. ಎಂ. ರೆಡ್ಡಿ. ನಾಯಕಿ ಟಿ. ಪಿ. ರಾಜಲಕ್ಷ್ಮಿ ತಮಿಳಿನಲ್ಲಿ ಮಾತಾಡಿದರೆ ನಾಯಕ ತೆಲುಗಿನಲ್ಲಿ ಉತ್ತರ ಕೊಡುತ್ತಿದ್ದ! ಕಾಳಿದಾಸನ ಕಥೆಯಲ್ಲಿ ತ್ಯಾಗರಾಜರ ಕೀರ್ತನೆ, ಅದು ಸಾಲದೆಂದು ಗಾಂಧಿಯ ಚರಕದ ಹಾಡು. ಕಾಲ ದೇಶದ ಚಿಂತೆ ಯಾರಿಗೂ ಇರಲಿಲ್ಲ. ತೆರೆಯ ಮೇಲಿನ ಜನ ಹಾಡುತ್ತಾರಂತೆ ಅನ್ನುವುದೇ ಟಿಕೆಟ್ಟಿಗೆ ಸಾಕಿತ್ತು. 1934ರ ‘ಪವಳಕ್ಕೊಡಿ’ಗೆ ಬಂದರೆ ಹಾಡು 50. ಭಾಗವತರ ಮೊದಲ ಚಿತ್ರ, ಕೆ. ಸುಬ್ರಹ್ಮಣ್ಯಂ ನಿರ್ದೇಶನ. ಅದು ನಾಟಕವಾಗಿ ಆಗಲೇ ಗೆದ್ದಿತ್ತು, ಹಾಡು ಕಡಿಮೆಯಾದರೆ ಜನ ಕೇಳುತ್ತಿರಲಿಲ್ಲ.

ಆ ಕಾಲದ ಪುಸ್ತಕದಲ್ಲಿ ಪ್ರತಿ ಹಾಡಿನ ನೆತ್ತಿಯ ಮೇಲೆ ರಾಗ, ತಾಳ. ಜನ ಮನೆಗೊಯ್ದು ಹಾಡಿಕೊಳ್ಳಲಿ ಅಂತಲೇ ಅಚ್ಚು ಹಾಕಿದ್ದು. ನಟರೇ ಹಾಡಬೇಕಿತ್ತು, ಅದೂ ಚಿತ್ರೀಕರಣದ ಹೊತ್ತಿಗೇ. ವಾದ್ಯದವರು ಕ್ಯಾಮೆರಾ ಕಣ್ಣಿಗೆ ಬೀಳದ ಹಾಗೆ ಮರೆಯಲ್ಲಿ ಕೂತು ನುಡಿಸುತ್ತಿದ್ದರು. ಹಾಗಾಗಿಯೇ ಕಂಠ ಇದ್ದವರಿಗೆ ಬೆಲೆ. 1935ರ ‘ಭಕ್ತ ನಂದನಾರ್’ಗೆ ಗಾಯಕಿ ಕೆ. ಬಿ. ಸುಂದರಾಂಬಾಳ್ ಪಡೆದದ್ದು 1 ಲಕ್ಷ ರೂಪಾಯಿ, ಅದೂ ಗಂಡು ಪಾತ್ರಕ್ಕೆ. 1938ರ ‘ನಂದಕುಮಾರ್’ನಲ್ಲಿ ಎ. ವಿ. ಮೆಯ್ಯಪ್ಪ ಚೆಟ್ಟಿಯಾರರು ಹಿನ್ನೆಲೆ ಗಾಯನ ತಂದ ಮೇಲೆ ಈ ಕಟ್ಟು ನಿಧಾನಕ್ಕೆ ಸಡಿಲವಾಯಿತು.

ಆಮೇಲೆ ಯುದ್ಧ. ಕಚ್ಚಾ ಫಿಲಂಗೆ ಬರ ಬಂದು, ಚಿತ್ರ 11,000 ಅಡಿ ಮೀರಬಾರದೆಂದು ಸರ್ಕಾರ ಕಟ್ಟಪ್ಪಣೆ ಮಾಡಿತು. ಅಷ್ಟರಲ್ಲಿ ಐವತ್ತು ಹಾಡು ತುರುಕುವುದು ಎಲ್ಲಿಂದ? ನನ್ನ ಕಲಮಿನಲ್ಲಿ ಅಂಕಿ ಧಡಕ್ಕನೆ ಇಳಿಯುವುದು ಇಲ್ಲೇ. ಹಾಡು ಇಳಿಯಿತು, ಹುಚ್ಚು ಇಳಿಯಲಿಲ್ಲ: 1944ರ ದೀಪಾವಳಿಗೆ ಬಂದ ‘ಹರಿದಾಸ್’ ಮದ್ರಾಸಿನ ಬ್ರಾಡ್ವೇ ಟಾಕೀಸಿನಲ್ಲಿ ಮೂರು ದೀಪಾವಳಿ ಕಂಡಿತು. ಆ ಹೊತ್ತಿಗೆ ಅದರ ನಾಯಕ ಭಾಗವತರು ಪತ್ರಕರ್ತ ಲಕ್ಷ್ಮೀಕಾಂತನ್ ಕೊಲೆ ಮೊಕದ್ದಮೆಯಲ್ಲಿ ಜೈಲು ಸೇರಿದ್ದರು, ಹೊರಗೆ ಬಂದದ್ದು 1947ರಲ್ಲಿ, ನಿರ್ದೋಷಿ ಎನಿಸಿಕೊಂಡು. ‘ಹರಿದಾಸ್’ ಪುಸ್ತಕ ಟ್ರಂಕಿನಲ್ಲಿದೆ, ಮುಖಪುಟ ಹೋಗಿದೆ. ‘ಮನ್ಮದ ಲೀಲೈಯೈ’ ಹಾಡಿನ ಪುಟ ತೋರಿಸಿ, ‘ಪಾಟಿ, ಇಲ್ಲಿ ರಾಗದ ಜಾಗ ಹುಳ ತಿಂದಿದೆ, ಯಾವುದು?’ ಅಂದೆ. ಉತ್ತರ ಹೇಳಲಿಲ್ಲ. ಸೊಪ್ಪು ಸೋಸುತ್ತಲೇ ಪಲ್ಲವಿ ಎತ್ತಿಕೊಂಡರು, ಅನುಪಲ್ಲವಿ ಮುಗಿಸಿ, ‘ಚಾರುಕೇಶಿ ಕಣಮ್ಮ, ಬರ್ಕೋ’ ಅಂದರು.

1949ರಿಂದ ಟ್ರಂಕಿನಲ್ಲಿ ಇನ್ನೊಂದು ಜಾತಿಯ ಪುಸ್ತಕ ಶುರು: ‘ಕಥೈ ವಸನಂ’. ಅಂದರೆ ಕಥೆ ಮತ್ತು ಸಂಭಾಷಣೆ. ಅಣ್ಣಾದುರೈ ಬರೆದ ‘ವೇಲೈಕ್ಕಾರಿ’ 1949, ಕರುಣಾನಿಧಿ ಬರೆದ ‘ಮಂತ್ರಿ ಕುಮಾರಿ’ 1950, ‘ಪರಾಶಕ್ತಿ’ 1952. ಹಾಡನ್ನು ಬಾಯಿಪಾಠ ಮಾಡುತ್ತಿದ್ದ ಜನ ಈಗ ಮಾತನ್ನು ಬಾಯಿಪಾಠ ಮಾಡತೊಡಗಿದರು. ದ್ರಾವಿಡ ಚಳವಳಿಯ ವೇದಿಕೆ ಭಾಷಣವೇ ತೆರೆಗೆ ಬಂತು. ಶಿವಾಜಿ ಗಣೇಶನ್ ಮೊದಲ ಚಿತ್ರದಲ್ಲೇ ಕೋರ್ಟಿನ ಕಟಕಟೆಯಲ್ಲಿ ನಿಂತು ಅದನ್ನು ಗುಡುಗಿದರು. ಟ್ರಂಕಿನ ‘ಪರಾಶಕ್ತಿ’ ಸಂಭಾಷಣೆ ಪುಸ್ತಕದಲ್ಲಿ ಆ ಕೋರ್ಟಿನ ಪುಟಗಳ ಅಂಚು ಮಾತ್ರ ಬೆರಳು ಸವೆದು ಎಣ್ಣೆಗಪ್ಪಾಗಿದೆ, ಉಳಿದ ಪುಟ ಹೊಸದರಂತಿವೆ. ಯಾರು ಕನ್ನಡಿ ಮುಂದೆ ನಿಂತು ಹೇಳಿಕೊಂಡಿದ್ದರು ಅಂತ ಕೇಳಿದ್ದಕ್ಕೆ ಪಾಟಿ ಗೋಡೆಯ ಮೇಲಿದ್ದ ಯಜಮಾನರ ಫೋಟೋ ಕಡೆ ಗಲ್ಲ ತೋರಿಸಿದರು.

ಎರಡೇ ವರ್ಷಕ್ಕೆ, 1954ರಲ್ಲಿ, ‘ಪರಾಶಕ್ತಿ’ ತಯಾರಾದ ಅದೇ ಎವಿಎಂ ಸ್ಟುಡಿಯೋದಿಂದ, ಅಂದರೆ ಮೆಯ್ಯಪ್ಪ ಚೆಟ್ಟಿಯಾರರ ಸ್ಟುಡಿಯೋದಿಂದ, ವೀಣೆ ಎಸ್. ಬಾಲಚಂದರ್ ‘ಅಂದ ನಾಳ್’ ತೆಗೆದರು. ಹಾಡೂ ಇಲ್ಲ, ಕುಣಿತವೂ ಇಲ್ಲ. ಟ್ರಂಕಿನಲ್ಲಿ ಅದರದ್ದೇನೂ ಸಿಗಲಿಲ್ಲ, ಆದರೂ ನೋಟ್‌ಬುಕ್ಕಿನಲ್ಲಿ ಸಾಲು ಬರೆದು ಕೊನೆಯ ಕಲಮಿನಲ್ಲಿ 0 ಹಾಕಿದೆ. ಇಪ್ಪತ್ತು ವರ್ಷದಲ್ಲಿ ಐವತ್ತರಿಂದ ಸೊನ್ನೆಗೆ. ಸೊನ್ನೆಯಲ್ಲೇ ಯಾರೂ ನಿಲ್ಲಲಿಲ್ಲ ಅನ್ನಿ, ಮುಂದಿನ ಸಾಲಿನಲ್ಲೇ ಹಾಡು ವಾಪಸ್.

ಕಥಾಸಾರಗಳ ಬಗ್ಗೆ ಒಂದು ಮಾತು ಬಿಟ್ಟಿದ್ದೆ. ನಾಯಕಿ ಬೆಟ್ಟದ ತುದಿಯಲ್ಲಿ ನಿಂತಿರುವಾಗಲೋ, ಖಳನ ಕತ್ತಿ ಎತ್ತಿದಾಗಲೋ ಕಥೆ ನಿಂತುಬಿಡುತ್ತದೆ: ‘ಮಿಕ್ಕದ್ದನ್ನು ಬೆಳ್ಳಿತೆರೆಯಲ್ಲಿ ನೋಡಿ’. ನಮ್ಮ ಕನ್ನಡದ ಹಾಡಿನ ಪುಸ್ತಕಗಳಲ್ಲೂ ಇದೇ ಚಾಳಿ. ‘ಕಾಳಿದಾಸ್’ನಂಥ ಎಷ್ಟೋ ಚಿತ್ರಗಳ ಪ್ರಿಂಟೇ ಇವತ್ತು ಉಳಿದಿಲ್ಲ. ಟ್ರಂಕಿನಲ್ಲೂ ಅಂಥ ನಾಲ್ಕಾರು ಕಥೆಗಳಿಗೆ ಕೊನೆ ಸಿಗದೆ ನಾನು ಪಾಟಿಯನ್ನೇ ಪೀಡಿಸುತ್ತಿದ್ದೇನೆ. ಅವರು ಹೇಳುವ ಕೊನೆ ವಾರಕ್ಕೊಂದು ಥರ ಇರುತ್ತದೆ, ನಂಬುವ ಹಾಗಿಲ್ಲ.

ಮುಂದಿನ ತಿಂಗಳಿಗೆ: 1950ರ ದಶಕದ ಕಟ್ಟು ಬಿಚ್ಚಬೇಕು. ಕನ್ನಡ ರಂಗಭೂಮಿಯಿಂದ ಹೋದ ಬಿ. ಆರ್. ಪಂತುಲು 1959ರಲ್ಲಿ ತೆಗೆದ ‘ವೀರಪಾಂಡಿಯ ಕಟ್ಟಬೊಮ್ಮನ್’ ಅದರಲ್ಲಿ ಮೇಲೇ ಕಾಣುತ್ತಿದೆ, ಪಿನ್ನು ಗಟ್ಟಿ ಇದೆ. ಹುಡುಕಾಟದ ಪಟ್ಟಿಯಲ್ಲಿ ಮೊದಲನೆಯದು ಎವಿಎಂನ ‘ಹರಿಶ್ಚಂದ್ರ’. ಆರ್. ನಾಗೇಂದ್ರರಾಯರ ಈ ಕನ್ನಡ ಚಿತ್ರವೇ 1944ರಲ್ಲಿ ತಮಿಳಿಗೆ ಡಬ್ ಆಗಿ, ದೇಶದ ಮೊದಲ ಡಬ್ಬಿಂಗ್ ಚಿತ್ರ ಅನ್ನಿಸಿಕೊಂಡದ್ದು. ಕನ್ನಡ ಪುಸ್ತಕ, ತಮಿಳು ಪುಸ್ತಕ ಎರಡೂ ಸಿಕ್ಕರೆ ಪಕ್ಕಪಕ್ಕ ಇಟ್ಟು, ತುಟಿಗೆ ಹೊಂದಿಸಲು ಪದ ಎಲ್ಲೆಲ್ಲಿ ಬದಲಾಯಿಸಿದ್ದಾರೆ ಅಂತ ನೋಡಬೇಕು. ನಿಮ್ಮ ಮನೆ ಅಟ್ಟದಲ್ಲಿದ್ದರೆ ತಿಳಿಸಿ. ಪಿನ್ನು ಮಾತ್ರ ಎಳೆಯಬೇಡಿ.