ಹಾರ್ನೇ ಚಪ್ಪಾಳೆಯಾದ ಸಂಜೆ

"ನೀನೂ ಹೊಡಿಯೇ ಮಾರಾಯ್ತಿ, ಎಲ್ಲಾ ಹೊಡೀತಿದ್ದಾರಲ್ಲ!" ಅಂದಳು ಅಮ್ಮ. ನಾನು ಹಾರ್ನ್ ಒತ್ತಿದೆ. ಈ ದೇಶಕ್ಕೆ ಬಂದು ಹತ್ತು ವರ್ಷವಾಗಿತ್ತು. ಅಷ್ಟು ಹೊತ್ತು ಹಾರ್ನ್ ಒತ್ತಿ ಹಿಡಿದಿದ್ದು ಅದೇ ಮೊದಲು.

2020ರ ಅಕ್ಟೋಬರ್ 21, ಬುಧವಾರ ಸಂಜೆ. ಅಮೆರಿಕದ ಪೆನ್ಸಿಲ್ವೇನಿಯಾ ರಾಜ್ಯದ ಫಿಲಡೆಲ್ಫಿಯಾ ಊರಿನ ದಕ್ಷಿಣ ಭಾಗದಲ್ಲಿ ಸಿಟಿಜನ್ಸ್ ಬ್ಯಾಂಕ್ ಪಾರ್ಕ್ ಅಂತ ಬೇಸ್‌ಬಾಲ್ ಮೈದಾನ ಇದೆ. ಅದರ ಹೊರಗಿನ ಪಾರ್ಕಿಂಗ್ ಜಾಗದಲ್ಲಿ ಕೆಲವು ನೂರು ಕಾರುಗಳು, ಒಂದರಿಂದ ಇನ್ನೊಂದಕ್ಕೆ ಅಂತರ ಬಿಟ್ಟು ನಿಂತಿದ್ದವು. ಕೊರೋನಾ ಕಾಲ. ಜನ ಸೇರುವ ಹಾಗಿಲ್ಲ, ಕೈ ಕುಲುಕುವ ಹಾಗಿಲ್ಲ. ಹಾಗಾಗಿ ಕಾರಲ್ಲೇ ಕೂತು ಭಾಷಣ ಕೇಳಬೇಕು. ಮಾತು ಇಷ್ಟವಾದರೆ ಹಾರ್ನ್ ಹೊಡೆಯಬೇಕು. ವೇದಿಕೆ ಮೇಲೆ ಬರಾಕ್ ಒಬಾಮ. ಅಧಿಕಾರ ಬಿಟ್ಟು ಹೆಚ್ಚುಕಡಿಮೆ ನಾಲ್ಕು ವರ್ಷವಾಗಿತ್ತು. ಎಂಟು ವರ್ಷ ತಮ್ಮ ಉಪಾಧ್ಯಕ್ಷರಾಗಿದ್ದ ಜೋ ಬೈಡನ್ ಪರ ಮತ ಕೇಳಲು ಬಂದಿದ್ದರು. ಆ ಚುನಾವಣೆಯಲ್ಲಿ ಅವರು ಜನರ ಎದುರು ಬಂದು ಮಾತಾಡಿದ ಮೊದಲ ಸಭೆ ಅದು. ಬೈಡನ್ ಅಲ್ಲಿರಲಿಲ್ಲ. ಮರುದಿನ ನ್ಯಾಶ್‌ವಿಲ್‌ನಲ್ಲಿ ಟ್ರಂಪ್ ಜೊತೆ ಕೊನೆಯ ಚರ್ಚೆ ಇತ್ತು, ಅದರ ತಯಾರಿಯಲ್ಲಿದ್ದರು.

ನಾನು ಅಲ್ಲಿಗೆ ಹೋಗಿದ್ದು ಸ್ವಯಂಸೇವಕಿಯಾಗಿ. ಹಿಂದಿನ ವರ್ಷವಷ್ಟೇ ಪೌರತ್ವ ಸಿಕ್ಕಿತ್ತು. ಪ್ರಮಾಣ ಮಾಡಿ ಹೊರಗೆ ಬರುತ್ತಿದ್ದ ಹಾಗೆ ಮತದಾರರ ಪಟ್ಟಿಗೆ ಹೆಸರು ಸೇರಿಸುವ ಫಾರ್ಮ್ ಕೊಟ್ಟರು. ಅಲ್ಲೇ ಗೋಡೆಗೆ ಒತ್ತಿಕೊಂಡು ತುಂಬಿದೆ. 2020ರ ಸೆಪ್ಟೆಂಬರ್‌ನಿಂದ ಕೆಲಸ ಮುಗಿದ ಮೇಲೆ ದಿನಾ ಎರಡು ಗಂಟೆ ಮನೆಯಿಂದಲೇ ಮತದಾರರಿಗೆ ಫೋನ್ ಮಾಡುತ್ತಿದ್ದೆ. ಫೋನ್ ಬ್ಯಾಂಕ್ ಅನ್ನುತ್ತಾರೆ ಇದಕ್ಕೆ. ಅಲ್ಲಿ ದುಡಿದವರಲ್ಲಿ ಕೆಲವರಿಗೆ ಆ ಸಭೆಗೆ ಕಾರು ತರಲು ಜಾಗ ಸಿಕ್ಕಿತು. ಮಗುವನ್ನು ನೋಡಿಕೊಳ್ಳಲು ನನ್ನವರು ಮನೆಯಲ್ಲಿ ಉಳಿದರು. ಅಮ್ಮ ಜೊತೆಗೆ ಹೊರಟಳು.

ಅಮ್ಮ ಫೆಬ್ರವರಿಯಲ್ಲಿ ಮೂಡಿಗೆರೆಯಿಂದ ಬಂದವಳು. ಮೇ ತಿಂಗಳಿಗೆ ವಾಪಸ್ ಟಿಕೆಟ್ ಇತ್ತು. ಮಾರ್ಚ್‌ನಲ್ಲಿ ಭಾರತ ವಿಮಾನ ನಿಲ್ಲಿಸಿತು. ಆಮೇಲೆ ಹೊರದೇಶದಲ್ಲಿ ಸಿಕ್ಕಿಕೊಂಡವರನ್ನು ಕರೆತರುವ ವಂದೇ ಭಾರತ್ ವಿಮಾನಗಳು ಶುರುವಾದರೂ ನಾನೇ ಕಳಿಸಲಿಲ್ಲ. ಅಪ್ಪ ಹೋದ ಮೇಲೆ ಅಷ್ಟು ದೊಡ್ಡ ಮನೆಯಲ್ಲಿ ಒಬ್ಬಳೇ ಇರಬೇಕಿತ್ತು. ವೀಸಾ ಮುಂದುವರಿಸಲು ಅರ್ಜಿ ಹಾಕಿದೆವು. ಎಂಟು ತಿಂಗಳಲ್ಲಿ ಅವಳು ಮನೆಯಿಂದ ಹೊರಗೆ ಹೋಗಿದ್ದೇ ಅಪರೂಪ. ಅವತ್ತು ಇಸ್ತ್ರಿ ಮಾಡಿದ ಸೀರೆ ಉಟ್ಟು, ಫ್ಲಾಸ್ಕ್‌ನಲ್ಲಿ ಕಾಫಿ, ಡಬ್ಬಿಯಲ್ಲಿ ಕೋಡುಬಳೆ ಹಾಕಿಕೊಂಡು ನನಗಿಂತ ಮೊದಲೇ ಕಾರಲ್ಲಿ ಕೂತಿದ್ದಳು.

ನಾವಿದ್ದ ಕಿಂಗ್ ಆಫ್ ಪ್ರಷಿಯಾ ಊರಿನಿಂದ ಸ್ಕೂಲ್‌ಕಿಲ್ ಎಕ್ಸ್‌ಪ್ರೆಸ್‌ವೇ ಹಿಡಿದು ಹೋಗುವಾಗ ಅಮ್ಮ ಕೇಳಿದಳು.

"ಅಲ್ಲ, ಅಧ್ಯಕ್ಷರಾಗಿ ಕೆಳಗಿಳಿದೋರು ಮತ್ತೆ ವೋಟು ಕೇಳಕ್ಕೆ ಬರ್ತಾರಾ? ನಮ್ಮಲ್ಲಿ ರಾಷ್ಟ್ರಪತಿ ಆದೋರು ಹಾಗೆಲ್ಲ ಮಾಡಲ್ವಲ್ಲ."

ಇಲ್ಲಿಯ ಅಧ್ಯಕ್ಷರು ನಮ್ಮ ರಾಷ್ಟ್ರಪತಿಯ ಹಾಗಲ್ಲ, ಪ್ರಧಾನಿಯ ಹಾಗೆ ಪಕ್ಷದ ನಾಯಕರೂ ಹೌದು ಅಂತ ಹೇಳಿದೆ. ನಮ್ಮಲ್ಲಿ ಮಾಜಿ ಪ್ರಧಾನಿ ದೇವೇಗೌಡರು ಈ ವಯಸ್ಸಲ್ಲೂ ಊರೂರು ತಿರುಗಲ್ವಾ, ಅದೇ ಥರ ಅಂದೆ.

"ಓ, ಹಂಗಾ. ಹಂಗಾದ್ರೆ ಇಂದಿರಾ ಗಾಂಧಿ ಬಂದಿದ್ರಲ್ಲ, ಹಂಗೆ."

1978ರ ಚಿಕ್ಕಮಗಳೂರು ಉಪಚುನಾವಣೆಯ ಕತೆ ನಮ್ಮ ಮನೆಯಲ್ಲಿ ಯಾರಿಗೂ ಹೊಸದಲ್ಲ. ಹಿಂದಿನ ವರ್ಷ ರಾಯ್‌ಬರೇಲಿಯಲ್ಲಿ ಸೋತು ಅಧಿಕಾರ ಕಳಕೊಂಡಿದ್ದರು ಇಂದಿರಾ. ಡಿ.ಬಿ. ಚಂದ್ರೇಗೌಡರು ತಮ್ಮ ಸೀಟು ಬಿಟ್ಟುಕೊಟ್ಟರು. ಎದುರಿಗೆ ನಿಂತವರು ವೀರೇಂದ್ರ ಪಾಟೀಲರು. 70 ಸಾವಿರಕ್ಕೂ ಜಾಸ್ತಿ ಮತಗಳಿಂದ ಇಂದಿರಾ ಗೆದ್ದರು. ಅಮ್ಮನಿಗೆ ಆಗ ಹದಿನಾರು. ಎಸ್ಟೇಟಿನ ಆಳುಗಳ ಜೊತೆ ರಸ್ತೆ ಬದಿಯ ದರೆ ಹತ್ತಿ ಮಧ್ಯಾಹ್ನವಿಡೀ ಕಾದಿದ್ದಳಂತೆ. ಕಾರು ಬಂತು, ಹೋಯಿತು. ಅವಳಿಗೆ ಕಂಡಿದ್ದು ತಲೆ ಮೇಲೆ ಹೊದ್ದ ಸೆರಗು, ಕಿಟಕಿಯಿಂದ ಹೊರಗೆ ಬಂದ ಒಂದು ಕೈ. ಅಷ್ಟೇ. ಆ ಕೈ ಎಷ್ಟು ಸಣ್ಣದಿತ್ತು ಅನ್ನೋದನ್ನು ಅಮ್ಮ ಇವತ್ತಿಗೂ ತನ್ನ ಕೈ ಎತ್ತಿ ತೋರಿಸುತ್ತಾಳೆ.

"ಆದ್ರೆ ಅವ್ರು ತನಗೆ ಅಂತ ಕೇಳಕ್ಕೆ ಬಂದಿದ್ರು," ಅಂದಳು ಸ್ವಲ್ಪ ಹೊತ್ತು ಬಿಟ್ಟು. "ಇವ್ರಿಗೇನು ಸಿಗುತ್ತೆ?"

ಇವರಿಗೆ ಏನೂ ಸಿಗುವುದಿಲ್ಲ. ಇಲ್ಲಿಯ ಸಂವಿಧಾನದ 22ನೇ ತಿದ್ದುಪಡಿ ಪ್ರಕಾರ ಒಬ್ಬರು ಎರಡು ಸಲಕ್ಕಿಂತ ಜಾಸ್ತಿ ಅಧ್ಯಕ್ಷರಾಗಿ ಆಯ್ಕೆಯಾಗುವ ಹಾಗಿಲ್ಲ. ಒಬಾಮ ಮತ್ತೆ ಆ ಕುರ್ಚಿಗೆ ನಿಲ್ಲುವಂತಿಲ್ಲ. ಇದನ್ನು ಹೇಳಿದಾಗ ಅಮ್ಮ ಏನೂ ಮಾತಾಡಲಿಲ್ಲ. ಅವಳ ಆ ಪ್ರಶ್ನೆ ಮಾತ್ರ ನನ್ನ ತಲೆಯಲ್ಲಿ ಉಳಿಯಿತು. ಆ ಸಂಜೆಯೆಲ್ಲ ನಾನು ಭಾಷಣ ಕೇಳಿದ್ದು ಆ ಪ್ರಶ್ನೆ ಇಟ್ಟುಕೊಂಡೇ.

ಮಾಜಿ ಅಧ್ಯಕ್ಷರನ್ನು ಪ್ರಚಾರಕ್ಕೆ ಕರೆಯುವುದು ಪಕ್ಷಕ್ಕೆ ಯಾವಾಗಲೂ ಸುಲಭದ ತೀರ್ಮಾನವಲ್ಲ. 2016ರಲ್ಲಿ ಬುಷ್ ಅಪ್ಪ ಮಗ ಇಬ್ಬರೂ ತಮ್ಮದೇ ಪಕ್ಷದ ಟ್ರಂಪ್ ಪ್ರಚಾರದಿಂದ ದೂರ ಉಳಿದರು. 2012ರಲ್ಲಿ ಬಿಲ್ ಕ್ಲಿಂಟನ್ ಶಾರ್ಲೆಟ್‌ನಲ್ಲಿ ನಡೆದ ಡೆಮಾಕ್ರಟಿಕ್ ಪಕ್ಷದ ಸಮಾವೇಶದಲ್ಲಿ ಎದ್ದು ನಿಂತು ಒಬಾಮರ ನಾಲ್ಕು ವರ್ಷದ ಲೆಕ್ಕವನ್ನು ಜನರಿಗೆ ಒಪ್ಪಿಸಿದ್ದು ಇನ್ನೊಂದು ಥರ. ಒಬಾಮ 2020ರಲ್ಲಿ ತುಂಬ ದಿನ ಸುಮ್ಮನಿದ್ದರು. ಅಭ್ಯರ್ಥಿ ಆಗಲು ಪಕ್ಷದೊಳಗೇ ಎಷ್ಟೊಂದು ಜನ ಸ್ಪರ್ಧಿಸಿದ್ದರು. ಅವರಲ್ಲಿ ಬೈಡನ್ ಕೂಡ ಒಬ್ಬರು. ತನ್ನ ಉಪಾಧ್ಯಕ್ಷನ ಪರವೂ ಅವರು ಬಾಯಿ ಬಿಡಲಿಲ್ಲ. ಬರ್ನಿ ಸ್ಯಾಂಡರ್ಸ್ ಹಿಂದೆ ಸರಿದ ಮೇಲೆ, ಏಪ್ರಿಲ್ 14ಕ್ಕೆ ಬೆಂಬಲ ಘೋಷಿಸಿದರು. ನನಗೆ ಆಗ ಸಿಟ್ಟು ಬಂದಿತ್ತು, ಮೊದಲೇ ಹೇಳಬಹುದಿತ್ತಲ್ಲ ಅಂತ. ಈಗ ಅನ್ನಿಸುತ್ತದೆ, ಆಗ ಸುಮ್ಮನಿದ್ದಿದ್ದಕ್ಕೇ ಅಕ್ಟೋಬರ್‌ನಲ್ಲಿ ಅವರ ಮಾತನ್ನು ಎಲ್ಲ ಬಣದವರೂ ಕೇಳಿದರು. ಮನೆಯ ಹಿರಿಯರು ಪಾಲಿನ ಜಗಳದಲ್ಲಿ ಒಂದು ಕಡೆ ವಾಲಿಬಿಟ್ಟರೆ ಆಮೇಲೆ ಅವರ ಮಾತು ನಡೆಯಲ್ಲ, ಅಲ್ವಾ.

ಆಗಸ್ಟ್ 19ರಂದು ಇದೇ ಫಿಲಡೆಲ್ಫಿಯಾದ ಅಮೆರಿಕನ್ ಕ್ರಾಂತಿಯ ಮ್ಯೂಸಿಯಮ್ಮಿನಲ್ಲಿ ನಿಂತು ಸಮಾವೇಶಕ್ಕೆ ಭಾಷಣ ಮಾಡಿದ್ದರು. ಎದುರಿಗೆ ಜನರಿಲ್ಲ. ಕ್ಯಾಮೆರಾ ಮಾತ್ರ. ಮುಖ ಗಂಭೀರವಾಗಿತ್ತು. ಈ ಸಂಜೆಯ ಒಬಾಮ ಬೇರೆ. ಹಾರ್ನ್ ಕೇಳಿದ ಕೂಡಲೇ ನಗು ಬಂತು ಅವರಿಗೆ. ಟೈ ಇಲ್ಲ. ಮಾತಿಗೆ ವೇಗ ಬಂತು.

ಅಮ್ಮನಿಗೆ ಇಂಗ್ಲಿಷ್ ಅರ್ಧ ಅರ್ಥವಾಗುತ್ತದೆ. ಉಳಿದಿದ್ದನ್ನು ನಾನು ನಡುನಡುವೆ ಹೇಳುತ್ತಿದ್ದೆ. ಸಾಂಕ್ರಾಮಿಕ ರೋಗ ಬಂದರೆ ಏನು ಮಾಡಬೇಕು ಅಂತ ಒಂದು ಪುಸ್ತಕವನ್ನೇ ಬರೆದಿಟ್ಟು ಹೋಗಿದ್ದೆವು, ಈಗಿನವರು ಅದನ್ನು ಅಲುಗಾಡುವ ಮೇಜಿನ ಕಾಲಿಗೆ ಒತ್ತು ಕೊಟ್ಟಿರಬೇಕು ಅಂದರು ಒಬಾಮ. ಇದನ್ನು ಹೇಳಿದ್ದೇ ತಡ, ಅಮ್ಮ ನನ್ನ ಕೈ ಸರಿಸಿ ತಾನೇ ಹಾರ್ನ್ ಒತ್ತಿದಳು. ಎಂಟು ತಿಂಗಳ ಬೇಸರವೆಲ್ಲ ಆ ಹಾರ್ನಿನಲ್ಲಿತ್ತು. ಮೂಡಿಗೆರೆಯಲ್ಲಿ ಅವಳ ಅಣ್ಣ ಜುಲೈನಲ್ಲಿ ಇದೇ ರೋಗದಿಂದ ತೀರಿಕೊಂಡಿದ್ದರು. ಮುಖ ನೋಡಲು ಸಹ ಆಗಿರಲಿಲ್ಲ.

ಕುರ್ಚಿ ಬಿಟ್ಟವರು ತಮ್ಮ ನಂತರ ಬಂದವರನ್ನು ಹೆಸರು ಹಿಡಿದು ಟೀಕಿಸಬಾರದು ಅನ್ನುವ ರೂಢಿ ಇಲ್ಲಿ ಬಹಳ ಕಾಲ ಇತ್ತು. ಜಾರ್ಜ್ ಡಬ್ಲ್ಯು. ಬುಷ್ ಒಬಾಮ ಬಗ್ಗೆ ಹಾಗೇ ಸುಮ್ಮನಿದ್ದರು. ಆ ಸಂಜೆ ಒಬಾಮ ಆ ರೂಢಿಯನ್ನು ಪೂರ್ತಿ ಬದಿಗಿಟ್ಟರು. ಟಿವಿ ನೋಡಿಕೊಂಡು ಟ್ವೀಟ್ ಮಾಡಿದರೆ ಯಾವುದೂ ಸರಿಹೋಗುವುದಿಲ್ಲ ಅಂತ ನೇರವಾಗಿ ಹೇಳಿದರು. ಇದು ಸರಿಯೋ ತಪ್ಪೋ ಅಂತ ನನ್ನ ಗೆಳತಿಯರು ಆಮೇಲೆ ವಾದ ಮಾಡಿದರು. ನನ್ನ ಮಟ್ಟಿಗೆ ಸರಿ. ಬೈಡನ್ ಇದೇ ಮಾತು ಹೇಳಿದ್ದರೆ ಎದುರಾಳಿಯ ಮಾತು ಅಂತ ಜನ ಪಕ್ಕಕ್ಕಿಡುತ್ತಿದ್ದರು. ಆ ಕುರ್ಚಿಯಲ್ಲಿ ಎಂಟು ವರ್ಷ ಕೂತು, ಆ ಕೆಲಸ ಎಂಥದ್ದು ಅಂತ ಗೊತ್ತಿರುವವರು ಹೇಳಿದಾಗ ಅದರ ತೂಕವೇ ಬೇರೆ.

ನನಗೆ ನಾಟಿದ್ದು ಮಾತ್ರ ಬೇರೆ ಮಾತು. ಸಮೀಕ್ಷೆಗಳನ್ನು ನಂಬಬೇಡಿ ಅಂದರು. ಕಳೆದ ಸಲವೂ ಸಮೀಕ್ಷೆಗಳು ಚೆನ್ನಾಗಿದ್ದವು, ಆದರೆ ಎಷ್ಟೋ ಜನ ಸೋಮಾರಿಗಳಾಗಿ ಮನೆಯಲ್ಲೇ ಉಳಿದರು ಅಂದರು. ಕಾರುಗಳೆಲ್ಲ ಒಂದು ಗಳಿಗೆ ತಣ್ಣಗಾದವು ಅನ್ನಿಸಿತು ನನಗೆ. 2016ರಲ್ಲಿ ಮತದಾನದ ಹಿಂದಿನ ರಾತ್ರಿ ಇದೇ ಊರಿನ ಇಂಡಿಪೆಂಡೆನ್ಸ್ ಹಾಲ್ ಮುಂದೆ ಒಬಾಮ ದಂಪತಿ, ಕ್ಲಿಂಟನ್ ದಂಪತಿ ಎಲ್ಲ ಸೇರಿ ದೊಡ್ಡ ಸಭೆ ಮಾಡಿದ್ದರು. ಸಾವಿರಾರು ಜನ, ಹಾಡು, ಸಂಭ್ರಮ. ಮರುದಿನ ಪೆನ್ಸಿಲ್ವೇನಿಯಾವನ್ನು ಪಕ್ಷದ ಅಭ್ಯರ್ಥಿ ಹಿಲರಿ ಕ್ಲಿಂಟನ್ 44,292 ಮತಗಳಿಂದ ಸೋತರು. ಆ ರಾತ್ರಿ ನಾನು ಟಿವಿ ಮುಂದೆ ಕೂತಿದ್ದೆ. ಗೆದ್ದೇ ಗೆಲ್ಲುತ್ತಾರೆ ಅಂದುಕೊಂಡು ಪಾಯಸ ಮಾಡಿಟ್ಟಿದ್ದೆ. ಮತ ಹಾಕುವ ಹಕ್ಕೇ ನನಗಿರಲಿಲ್ಲ, ಆದರೂ ಅಷ್ಟು ನಂಬಿಕೆ. ಆಮೇಲೆ ಎಷ್ಟೋ ದಿನ ಆ ಸಂಖ್ಯೆ ನನ್ನನ್ನು ಕಾಡಿತು. ಸಂಭ್ರಮದ ಸಭೆಯೊಂದು ಸಾಕಾಗುವುದಿಲ್ಲ ಅಂತ ಒಬಾಮರಿಗೂ ಆಗಲೇ ತಿಳಿದಿರಬೇಕು.

ಅದಕ್ಕೇ ಇರಬೇಕು, ಈ ಸಲ ಅವರು ಕೆಲಸದ ಮಾತಿಗೆ ಇಳಿದರು. ಮತ ಹಾಕಲು ಯಾವತ್ತು, ಹೇಗೆ ಹೋಗುತ್ತೀರಿ ಅಂತ ಈಗಲೇ ತೀರ್ಮಾನ ಮಾಡಿ. ಅಂಚೆ ಮತಪತ್ರ ಬೇಕಿದ್ದರೆ ತರಿಸಿಕೊಳ್ಳಿ, ಬಂದ ಕೂಡಲೇ ತುಂಬಿ ಕಳಿಸಿ. ಬೇಕಾಗಿದ್ದೆಲ್ಲ ಒಂದೇ ಸಲಕ್ಕೆ ಸಿಗಲಿಲ್ಲ ಅಂತ ಮತ ಹಾಕದೆ ಇರಬೇಡಿ. ಮತ ಹಾಕಿ, ಸ್ವಲ್ಪ ಬದಲಾವಣೆ ತನ್ನಿ, ಮತ್ತೆ ಮತ ಹಾಕಿ, ಇನ್ನಷ್ಟು ತನ್ನಿ. ಅಂದು ಸಭೆಗೆ ಬರುವ ಮೊದಲು ಅವರು ಉತ್ತರ ಫಿಲಡೆಲ್ಫಿಯಾದಲ್ಲಿ ಕಪ್ಪು ಸಮುದಾಯದ ಮುಖಂಡರ ಜೊತೆ ಕೂತು ಮಾತಾಡಿ ಬಂದಿದ್ದರು. ಎರಡು ಸಲ ದೇಶ ಆಳಿದವರು ಬಂದು ಬೂತ್ ಏಜೆಂಟರ ಕೆಲಸ ಮಾಡುತ್ತಿದ್ದರು. ನನಗೆ ಅದು ದೊಡ್ಡದಾಗಿ ಕಂಡಿತು.

ಯಾಕೆಂದರೆ ನಾನು ದಿನಾ ಫೋನಲ್ಲಿ ಹೇಳುತ್ತಿದ್ದಿದ್ದೂ ಅದನ್ನೇ. ಅದರಲ್ಲೂ ಲಕೋಟೆಯ ವಿಷಯ. ಪೆನ್ಸಿಲ್ವೇನಿಯಾದ ಅಂಚೆ ಮತಪತ್ರದ ಜೊತೆ ಎರಡು ಲಕೋಟೆ ಬರುತ್ತಿದ್ದವು. ಗುರುತು ಹಾಕಿದ ಮತಪತ್ರವನ್ನು ಮೊದಲು ಒಳಗಿನ ಗುಪ್ತ ಲಕೋಟೆಯಲ್ಲಿ ಹಾಕಿ ಅಂಟಿಸಬೇಕಿತ್ತು. ಅದರ ಮೇಲೆ ಏನೂ ಬರೆಯುವ ಹಾಗಿರಲಿಲ್ಲ. ಆಮೇಲೆ ಅದನ್ನು ಹೊರಗಿನ ಲಕೋಟೆಗೆ ಹಾಕಿ, ಹಿಂದೆ ಸಹಿ ಮಾಡಿ, ತಾರೀಕು ಹಾಕಬೇಕಿತ್ತು. ಒಳ ಲಕೋಟೆ ಇಲ್ಲದೆ ಬಂದ ಮತ ಎಣಿಸುವ ಹಾಗಿಲ್ಲ ಅಂತ ಸೆಪ್ಟೆಂಬರ್‌ನಲ್ಲಿ ರಾಜ್ಯದ ಸುಪ್ರೀಂ ಕೋರ್ಟ್ ಹೇಳಿತ್ತು. ಇಂಥದ್ದಕ್ಕೆ ಇಲ್ಲಿ 'ಬೆತ್ತಲೆ ಮತಪತ್ರ' ಅನ್ನುತ್ತಿದ್ದರು. ಒಂದು ಸಣ್ಣ ಬಿಳಿ ಲಕೋಟೆ ಮರೆತಿದ್ದಕ್ಕೆ ಒಬ್ಬರ ಮತ ಹೋಗಿಬಿಡುವುದು ಅಂದರೆ! ಆ ಭಯದಲ್ಲೇ ನಾನು ಪ್ರತಿಯೊಬ್ಬರಿಗೂ ಎರಡೆರಡು ಸಲ ಹೇಳುತ್ತಿದ್ದೆ. ಅರ್ಧಕ್ಕರ್ಧ ಜನ ಕೇಳುವ ಮೊದಲೇ ಫೋನ್ ಇಡುತ್ತಿದ್ದರು.

ಭಾಷಣ ಮುಗಿಯುವ ಹೊತ್ತಿಗೆ ಕತ್ತಲಾಗಿತ್ತು. ಹಾರ್ನ್ ಶಬ್ದ ಎಷ್ಟೋ ಹೊತ್ತು ನಿಲ್ಲಲಿಲ್ಲ. ಅಮ್ಮ ಫ್ಲಾಸ್ಕ್ ತೆಗೆದು ಕಾಫಿ ಬಗ್ಗಿಸಿದಳು. ಪಕ್ಕದ ಕಾರಿನಲ್ಲಿದ್ದ ಹೆಂಗಸು ಕಿಟಕಿಯಿಂದ ಕೈ ಬೀಸಿದರು. ಅಮ್ಮ ಕೋಡುಬಳೆ ಡಬ್ಬಿ ಎತ್ತಿ ತೋರಿಸಿದಳು. ಕೊಡುವ ಹಾಗಿರಲಿಲ್ಲ, ಕೊರೋನಾ ಅಲ್ವಾ. ಇಬ್ಬರೂ ನಕ್ಕರು.

ಮರುದಿನ ಸಂಜೆ ಮತ್ತೆ ಲ್ಯಾಪ್‌ಟಾಪ್ ತೆಗೆದು ಫೋನಿಗೆ ಕೂತೆ. ಮೊದಲ ಏಳೆಂಟು ಜನ ಎತ್ತಲಿಲ್ಲ. ಆಮೇಲೆ ಒಬ್ಬ ವಯಸ್ಸಾದವರು ಎತ್ತಿದರು. ನಾನು ಹೆಸರು ಹೇಳಿ, ಯಾವ ಪಕ್ಷದಿಂದ ಅಂತ ಹೇಳಿದೆ. ಸಾಮಾನ್ಯವಾಗಿ ಇಂಥ ಫೋನ್ ಬಂದರೆ ಇಟ್ಟುಬಿಡುತ್ತೇನೆ, ನಿನ್ನೆ ಟಿವಿಯಲ್ಲಿ ಒಬಾಮರನ್ನು ನೋಡಿದೆ, ಅದಕ್ಕೇ ಮಾತಾಡುತ್ತಿದ್ದೇನೆ ಅಂದರು. ಮತಪತ್ರ ಬಂದು ಎರಡು ವಾರವಾಗಿದೆಯಂತೆ. ಫ್ರಿಜ್ಜಿನ ಮೇಲೆ ಇಟ್ಟಿದ್ದಾರಂತೆ. ಹೆಂಡತಿ ಇದ್ದಾಗ ಇಂಥ ಕಾಗದವನ್ನೆಲ್ಲ ಅವರೇ ನೋಡಿಕೊಳ್ಳುತ್ತಿದ್ದರಂತೆ.

"ಈಗಲೇ ತೆಗೀತೀರಾ? ನಾನು ಲೈನಲ್ಲೇ ಇರ್ತೀನಿ," ಅಂದೆ.

ಕನ್ನಡಕ ತರುತ್ತೇನೆ ಅಂತ ಹೋದರು. ನಾನು ಕಾದೆ. ಕುರ್ಚಿ ಎಳೆದ ಸದ್ದು, ಕಾಗದ ಹರಿದ ಸದ್ದು. ಅವರು ಗುರುತು ಹಾಕುವಷ್ಟು ಹೊತ್ತು ಇಬ್ಬರೂ ಮಾತಾಡಲಿಲ್ಲ. ಆಮೇಲೆ ಹೇಳುತ್ತಾ ಹೋದೆ. ಮಡಚಿ. ಸಣ್ಣ ಲಕೋಟೆ ತಗೊಳ್ಳಿ. ಅದರ ಮೇಲೆ ಏನೂ ಬರೀಬೇಡಿ. ಅಂಟಿಸಿ. ಈಗ ದೊಡ್ಡದು. ಹಿಂದೆ ತಿರುಗಿಸಿ, ಸಹಿ, ತಾರೀಕು. ಅವತ್ತಿನ ತಾರೀಕು ಎಷ್ಟು ಅಂತ ಕೇಳಿದರು. ಇಪ್ಪತ್ತೆರಡು ಅಂದೆ. ಬೀದಿ ತುದಿಯಲ್ಲೇ ಅಂಚೆ ಡಬ್ಬಿ ಇದೆ, ಈಗಲೇ ಹೋಗಿ ಹಾಕಿ ಬರುತ್ತೇನೆ ಅಂದರು. ಥ್ಯಾಂಕ್ಸ್ ಹೇಳಿದರು, ಎರಡು ಸಲ.

ಆ ನವೆಂಬರ್‌ನಲ್ಲಿ ಬೈಡನ್ ಪೆನ್ಸಿಲ್ವೇನಿಯಾ ಗೆದ್ದಿದ್ದು 80,555 ಮತಗಳಿಂದ. ಆ ಸಂಖ್ಯೆಯ ಒಳಗೆ ಅವರದ್ದೂ ಒಂದಿದೆ ಅಂತ ನಾನು ಇವತ್ತಿಗೂ ನಂಬಿದ್ದೇನೆ.

ಫೋನ್ ಇಟ್ಟ ಕೂಡಲೇ ಅಡುಗೆಮನೆಯಿಂದ ಅಮ್ಮ ಬಂದಳು. ಕೈಯಲ್ಲಿ ಸೌಟಿತ್ತು. ಅಷ್ಟೂ ಹೊತ್ತು ಬಾಗಿಲಲ್ಲಿ ನಿಂತು ಕೇಳಿಸಿಕೊಂಡಿದ್ದಳು.

"ಹಾಕಿದ್ರಾ?"

"ಡಬ್ಬಿಗೆ ಹಾಕಕ್ಕೆ ಹೊರಟಿದ್ದಾರೆ."

"ಒಬ್ರೇನಾ? ಕತ್ತಲಾಯ್ತಲ್ಲೇ. ಮಾಸ್ಕ್ ಹಾಕ್ಕೊಂಡು ನಿಧಾನಕ್ಕೆ ಹೋಗಿ ಅಂತ ಹೇಳ್ಬೇಕಿತ್ತು ನೀನು."