ಯಾಂಗೋನಿನಲ್ಲಿ ಒಂದು ಕವಳ

ಶಿರಸಿ ಕಡೆ ಹೆಲಿಕಾಪ್ಟರ್ ಕಾಣಿಸುವುದು ಚುನಾವಣೆ ಬಂದಾಗ. ಮೈದಾನದಲ್ಲಿ ಸುಣ್ಣದಿಂದ ದೊಡ್ಡದೊಂದು ಎಚ್ ಬರೆಯುತ್ತಾರೆ. ಗಾಳಿ ಯಾವ ಕಡೆ ಅಂತ ತಿಳಿಯಲು ಮೂಲೆಯಲ್ಲಿ ಹೊಗೆ ಹಾಕುತ್ತಾರೆ. ಊರೆಲ್ಲ ಬೇಲಿಗೆ ಆತು ನಿಲ್ಲುತ್ತದೆ. ಹಾಗಾಗಿ ನಾನು ಹೆಲಿಕಾಪ್ಟರ್ ನೋಡಿಕೊಳ್ಳುವ ಎಂಜಿನಿಯರ್ ಅಂದ ಕೂಡಲೇ ಊರಿನಲ್ಲಿ ಬರುವ ಪ್ರಶ್ನೆ ಒಂದೇ, "ಯಾವ ಮಂತ್ರಿ ಜೊತೆ ಹೋಗಿದ್ಯೋ?" ಯಾರ ಜೊತೆಗೂ ಇಲ್ಲ. ನಾನು ಅತಿ ದೂರ ಹೋಗಿದ್ದು ಖಾಲಿ ಹೆಲಿಕಾಪ್ಟರಿನಲ್ಲಿ. 2013ರ ಫೆಬ್ರವರಿ, ಬ್ಯಾಂಕಾಕಿನಿಂದ ಕೋಲ್ಕತ್ತಕ್ಕೆ.

ಹಳೆಯ ಹೆಲಿಕಾಪ್ಟರ್ ಕೊಂಡವರು ಅದರ ರೆಕ್ಕೆ ಬಿಚ್ಚಿ, ಕಂಟೇನರಿಗೆ ತುಂಬಿ, ಹಡಗಿನಲ್ಲಿ ತರಿಸಬಹುದು. ಇಲ್ಲವೇ ಹಾರಿಸಿಕೊಂಡೇ ತರಬಹುದು. ಇದಕ್ಕೆ ಫೆರಿ ಅನ್ನುತ್ತಾರೆ. ನಮ್ಮ ಮಾಲೀಕರಿಗೆ ಅವಸರ. ಪೈಲಟ್ ಒಬ್ಬರು, ನಾನೊಬ್ಬ, ಹಿಂದಿನ ಸೀಟಿನಲ್ಲಿ ಟೂಲ್ ಬಾಕ್ಸ್, ಎಣ್ಣೆ ಡಬ್ಬಗಳು, ಎರಡು ಬ್ಯಾಗು.

ಅದು ಎಎಸ್350, ಒಂದೇ ಎಂಜಿನ್ನಿನದು. ಟ್ಯಾಂಕಿಗೆ 540 ಲೀಟರ್ ಹಿಡಿಸುತ್ತದೆ. ಗಂಟೆಗೆ 220 ಕಿಲೋಮೀಟರ್ ಆಸುಪಾಸಿನಲ್ಲಿ ಹೋದರೆ ಎರಡೂವರೆ, ಹೆಚ್ಚೆಂದರೆ ಮೂರು ಗಂಟೆ. ಆಮೇಲೆ ಇಳಿಯಲೇಬೇಕು. ಶಿರಸಿ–ಕುಮಟಾ ಬಸ್ಸಿನ ಡ್ರೈವರ್‌ಗೆ ಚಹಾ ಬೇಡವೆನಿಸಿದರೆ ನಿಲ್ಲಿಸದೆ ದೇವಿಮನೆ ಘಟ್ಟ ಇಳಿಸಬಹುದು. ನಮಗೆ ಆ ಸ್ವಾತಂತ್ರ್ಯ ಇಲ್ಲ. ಮೇಲಾಗಿ ನಾವು ಹಾರುವುದು ಕಣ್ಣಿಗೆ ನೆಲ ಕಾಣುವಾಗ ಮಾತ್ರ. ಕತ್ತಲಾದರೆ ಬಂದ್. ಹಾಗಾಗಿ ದಾರಿ ಅಂದರೆ ಥಾಯ್ಲೆಂಡಿನ ಬ್ಯಾಂಕಾಕ್, ಚಿಯಾಂಗ್ ಮಾಯ್, ಬರ್ಮಾದ ಯಾಂಗೋನ್, ಸಿಟ್ವೆ, ಆಮೇಲೆ ಕೋಲ್ಕತ್ತ. ಕಾಗದದ ಮೇಲೆ ಮೂರು ದಿನ. ಆಗಿದ್ದು ಆರು.

ಚಿಯಾಂಗ್ ಮಾಯ್ ಸುತ್ತ ಆ ತಿಂಗಳಲ್ಲಿ ಗದ್ದೆಗೂ ಕಾಡಿನ ಒಣ ಎಲೆಗೂ ಬೆಂಕಿ ಹಾಕುತ್ತಾರೆ. ನಮ್ಮ ಸೊಪ್ಪಿನ ಬೆಟ್ಟದಲ್ಲಿ ದರಕಿಗೆ ಬೆಂಕಿ ಬಿದ್ದಾಗ ಬರುವ ಅದೇ ವಾಸನೆ. ಮೇಲಿನಿಂದ ನೋಡಿದರೆ ಗುಡ್ಡಗಳು ಹಾಲಿನಲ್ಲಿ ಮುಳುಗಿದ ಹಾಗಿದ್ದವು. ಯಾಂಗೋನಿನಲ್ಲಿ ಇಳಿದಾಗ ಗಾಜಿನ ಮೇಲೆ ತೆಳ್ಳಗೆ ಮಸಿ ಕೂತಿತ್ತು.

ಅಲ್ಲಿ ಸಿಕ್ಕಿಬಿದ್ದೆವು. ಮುಂದಿನ ಹಂತಕ್ಕೆ ಬೇಕಾಗಿದ್ದ ಅನುಮತಿಯ ನಂಬರ್ ಬಂದಿರಲಿಲ್ಲ. ದಿನ ಶುಕ್ರವಾರ, ಹೊತ್ತು ಸಂಜೆ. ನಂಬರ್ ಕೊಡಬೇಕಾದ ಕಚೇರಿಗೆ ಬಾಗಿಲು ಹಾಕಿಯಾಗಿತ್ತು. ಫೆರಿಯಲ್ಲಿ ಕೆಡುವುದು ಯಂತ್ರಕ್ಕಿಂತ ಜಾಸ್ತಿ ಕಾಗದ. ನಮ್ಮ ಕ್ಯಾಪ್ಟನ್ ಸಾಹೇಬರು ಇಂಥ ಹೊತ್ತಿಗೆ ಅಂತಲೇ ಒಂದು ಕಥೆ ಇಟ್ಟುಕೊಂಡಿದ್ದರು. 1982ರಲ್ಲಿ ರಾಸ್ ಪೆರೋ ಜೂನಿಯರ್ ಮತ್ತು ಜೇ ಕೋಬರ್ನ್ ಮೊದಲ ಬಾರಿಗೆ ಹೆಲಿಕಾಪ್ಟರಿನಲ್ಲಿ ಭೂಮಿ ಸುತ್ತಿ ಬಂದರು, 29 ದಿನ ಚಿಲ್ಲರೆಯಲ್ಲಿ. ಸೋವಿಯತ್ ಒಕ್ಕೂಟ ತನ್ನ ನೆಲದಲ್ಲಿ ಇಳಿಯಲು ಬಿಡಲಿಲ್ಲ. ಅದಕ್ಕೆ ಉತ್ತರ ಪೆಸಿಫಿಕ್‌ನಲ್ಲಿ ಒಂದು ಕಂಟೇನರ್ ಹಡಗಿನ ಮೇಲೆ ಇಳಿದು ಇಂಧನ ತುಂಬಿಕೊಂಡರು. "ನೋಡಪ್ಪ, ಅವರಿಗೂ ಪರ್ಮಿಷನ್ ಸಿಗಲಿಲ್ಲ" ಅಂದು ಹಿಂದಿಯಲ್ಲಿ ಸಮಾಧಾನ ಹೇಳಿದರು. ಆ ಪ್ರಯಾಣದಲ್ಲಿ ಇದೇ ಕಥೆ ಮೂರು ಸಲ ಕೇಳಿದೆ. ಅವರಿಗೆ ಹಡಗಾದರೂ ಇತ್ತು ಅಂತ ನಾನು ಮನಸ್ಸಿನಲ್ಲೇ ಅಂದುಕೊಂಡೆ.

ಶನಿವಾರ ಬೆಳಿಗ್ಗೆ ಹೋಗಿ ಗಾಜು ಒರೆಸಿದೆ, ಎಣ್ಣೆ ನೋಡಿದೆ, ಮೂರೂ ರೆಕ್ಕೆಯ ತುದಿಗೆ ಚೀಲ ಹಾಕಿ ಹಗ್ಗ ಬಿಗಿದೆ. ಅಷ್ಟಕ್ಕೆ ಕೆಲಸ ಮುಗಿಯಿತು. ಕ್ಯಾಪ್ಟನ್ ಹೋಟೆಲಿನಲ್ಲಿ ಮಲಗಿದರು. ನಾನು ಪೇಟೆಗೆ ಹೊರಟೆ.

ಆಗ ಅಲ್ಲಿ ಡಾಲರ್ ನೋಟಿಗೆ ಒಂದು ಮಡಿಕೆ ಇದ್ದರೂ ತೆಗೆದುಕೊಳ್ಳುತ್ತಿರಲಿಲ್ಲ. ನನ್ನ ನೋಟುಗಳು ಪರ್ಸಿನಲ್ಲಿ ನಾಲ್ಕು ಮಡಿಕೆಯಾಗಿ ಕೂತಿದ್ದವು. ಕೊನೆಗೆ ಕ್ಯಾಪ್ಟನ್ ತಮ್ಮ ಡೈರಿಯ ನಡುವಿನಿಂದ ಇಸ್ತ್ರಿ ಹಾಕಿದಂಥ ಒಂದು ನೋಟು ಸಾಲ ಕೊಟ್ಟರು. ಟ್ಯಾಕ್ಸಿಯಲ್ಲಿ ಇನ್ನೊಂದು ವಿಚಿತ್ರ. ಕಾರುಗಳೆಲ್ಲ ಜಪಾನಿನ ಹಳೆಯವು, ಸ್ಟೇರಿಂಗ್ ನಮ್ಮಂತೆ ಬಲಕ್ಕೆ. ಆದರೆ 1970ರಿಂದ ಆ ದೇಶದಲ್ಲಿ ವಾಹನ ಹೋಗುವುದೂ ರಸ್ತೆಯ ಬಲಕ್ಕೇ. ಮುಂದಿನ ಗಾಡಿಯನ್ನು ಹಿಂದೆ ಹಾಕಬೇಕಾದಾಗ ಎದುರಿನಿಂದ ಏನು ಬರುತ್ತಿದೆ ಅಂತ ಡ್ರೈವರ್‌ಗೆ ಕಾಣುವುದಿಲ್ಲ. ಎಡಗಡೆ ಕೂತ ನನಗೆ ಎಲ್ಲವೂ ಕಾಣುತ್ತಿತ್ತು, ಬೇಡವಾಗಿದ್ದೂ. ಎರಡು ದೇಶದ ಗುಡ್ಡ ದಾಟಿ ಬಂದಾಗ ಆಗದಿದ್ದ ಭಯ ಅಲ್ಲಿ ಆಯಿತು.

ಸುಲೆ ಪಗೋಡದ ಹತ್ತಿರ ಇಳಿದೆ. ಗಂಡಸರು ಹೆಂಗಸರು ಎಲ್ಲ ನಮ್ಮ ಲುಂಗಿಯಂಥದೇ ಲೊಂಜಿ ಉಟ್ಟವರು. ಕೆನ್ನೆಗೆ ತನಖಾ ಮರದ ತೊಗಟೆ ತೇಯ್ದ ಗಂಧ. ಫುಟ್‌ಪಾತ್ ಮೇಲೆ ನೋಡಿದರೆ ಕೆಂಪು ಕಲೆಗಳು. ಇದು ನನಗೆ ಗೊತ್ತಿರುವ ಕೆಂಪು. ತಲೆ ಎತ್ತಿದೆ. ಮೂಲೆ ಮೂಲೆಗೂ ಕವಳದ ಅಂಗಡಿ!

ಅಂಗಡಿ ಅಂದರೆ ಒಂದು ಸಣ್ಣ ಮೇಜು. ಒದ್ದೆ ಬಟ್ಟೆಯ ಕೆಳಗೆ ಎಲೆ, ಒಂದು ಡಬ್ಬದಲ್ಲಿ ತೆಳ್ಳಗಿನ ಸುಣ್ಣ, ಅಡಿಕೆ ಚೂರು, ಕಾಚು, ತಂಬಾಕು, ಏಲಕ್ಕಿ. ಅವರು ಇದಕ್ಕೆ ಕುನ್ಯಾ ಅನ್ನುತ್ತಾರೆ. ಮೇಜಿನ ಹಿಂದಿದ್ದವನು ಆರು ಎಲೆ ಸಾಲಾಗಿ ಹಾಸಿ, ಬ್ರಶ್ಶಿನಂಥದರಿಂದ ಗೋಡೆಗೆ ಬಳಿದ ಹಾಗೆ ಸುಣ್ಣ ಬಳಿದ. ನನ್ನ ಜೀವ ಹಾರಿತು. ನಮ್ಮ ಮನೆಯಲ್ಲಿ ಎಲೆಯ ನಾರು ತೆಗೆದು, ಬೆರಳ ತುದಿಯಲ್ಲಿ ಅಷ್ಟೇ ಅಷ್ಟು ಸುಣ್ಣ ಸವರುವುದು. ಕಮ್ಮಿ ಅಂತ ಕೈಸನ್ನೆ ಮಾಡಿದೆ. ಜಾಸ್ತಿ ಅಂತ ತಿಳಿದು ಇನ್ನೊಂದು ಸಲ ಬಳಿದ. ಹಾಕಿಕೊಂಡೆ. ನಾಲಿಗೆ ಸುಟ್ಟಿತು, ಕಣ್ಣಲ್ಲಿ ನೀರು ಬಂತು. ಅವನು ನಕ್ಕ, ಕೆಂಪು ಹಲ್ಲು ಕಾಣುವ ಹಾಗೆ.

ಪಕ್ಕದಲ್ಲಿ ಚಹಾದಂಗಡಿ. ಮೊಣಕಾಲೆತ್ತರದ ಪ್ಲಾಸ್ಟಿಕ್ ಸ್ಟೂಲುಗಳು. ಚಹಾ ತರುವ ಹುಡುಗನನ್ನು ಕರೆಯಲು ಜನ ತುಟಿಯಲ್ಲಿ ಮುತ್ತಿನ ಸದ್ದು ಮಾಡುತ್ತಿದ್ದರು. ನಮ್ಮ ಬಸ್‌ಸ್ಟ್ಯಾಂಡ್ ಕ್ಯಾಂಟೀನಿನಲ್ಲಿ ಹಾಗೆ ಮಾಡಿದರೆ ಏಟು ಬೀಳುತ್ತದೆ. ಯಜಮಾನರು ತಮಿಳು ಮೂಲದವರು, ಅಜ್ಜನ ಕಾಲದಲ್ಲಿ ಬಂದವರಂತೆ. ನನ್ನ ಮುರುಕು ತಮಿಳಿನಲ್ಲಿ ಹೇಳಿದೆ, ನಮ್ಮದು ಅಡಿಕೆ ತೋಟ ಅಂತ. ಅವರು ಅದನ್ನು ಬರ್ಮೀಸಿನಲ್ಲಿ ಕವಳದವನಿಗೆ ಕೂಗಿ ಹೇಳಿದರು. ಅವನು ಮೇಜು ಬಿಟ್ಟು ಎದ್ದೇ ಬಂದ. ಎಷ್ಟು ಮರ? ಎಕರೆಗೆ ಐನೂರು ಚಿಲ್ಲರೆ. ಯಾರು ಹತ್ತುತ್ತಾರೆ? ಕೊನೆಗೌಡ ಅಂತ ಇದ್ದಾನೆ. ಔಷಧಿ ಹೊಡೆಯುತ್ತೀರಾ? ಮಳೆಗಾಲಕ್ಕೆ ಮೈಲುತುತ್ತ, ಸುಣ್ಣ. ಅವನದೂ ಹಳ್ಳಿಯಲ್ಲಿ ಒಂದಿಷ್ಟು ಮರ ಇದ್ದವಂತೆ. ಇಬ್ಬರ ನಡುವೆ ತಮಿಳಜ್ಜ ಆ ಕಡೆ ಈ ಕಡೆ ತಿರುಗಿ ಸುಸ್ತಾದರು. ಹೆಲಿಕಾಪ್ಟರಿನಲ್ಲಿ ಬಂದೆ ಅಂತಲೂ ಹೇಳಿದೆ. ಅದಕ್ಕೆ ಯಾರೂ ತಲೆ ಕೆಡಿಸಿಕೊಳ್ಳಲಿಲ್ಲ.

ಹೊರಡುವಾಗ ಅವನು ನಾಲ್ಕು ಅಡಿಕೆ ಹೋಳು ಕಾಗದದಲ್ಲಿ ಕಟ್ಟಿ ಕೊಟ್ಟ. ದುಡ್ಡು ಬೇಡ ಅಂದ. ಸಂಜೆ ಶ್ವೇಡಗೋನ್ ನೋಡಿದೆ. 326 ಅಡಿಯ ಚಿನ್ನದ ಪಗೋಡ, ಬರಿಗಾಲಿನಲ್ಲಿ ಸುತ್ತು ಬಂದೆ. ಚೆಂದ ಇತ್ತು. ಆದರೆ ನನ್ನ ನಾಲಿಗೆ ಇನ್ನೂ ಉರಿಯುತ್ತಿತ್ತು, ಕೈ ಜೇಬಿನ ಮೇಲೇ ಇತ್ತು.

ಸೋಮವಾರ ಮಧ್ಯಾಹ್ನ ನಂಬರ್ ಬಂತು. ಸಿಟ್ವೆಗೆ ಸುಮಾರು 500 ಕಿಲೋಮೀಟರ್. ಅಲ್ಲಿ ರಾತ್ರಿ ಉಳಿದು, ಮರುದಿನ ಕೋಲ್ಕತ್ತ. ಕಸ್ಟಮ್ಸ್‌ನವರು ಟೂಲ್ ಬಾಕ್ಸಿನ ಒಂದೊಂದು ಸ್ಪ್ಯಾನರ್ ಎಣಿಸಿದರು. ಶರ್ಟಿನ ಜೇಬು ಕೇಳಲಿಲ್ಲ. ಬರ್ಮಾದಿಂದ ಕದ್ದು ಬರುವ ಅಡಿಕೆಯಿಂದ ನಮ್ಮ ದರ ಬೀಳುತ್ತದೆ ಅಂತ ಶಿರಸಿ ಪೇಟೆಯಲ್ಲಿ ಮಾತು ಕೇಳುತ್ತಲೇ ಬೆಳೆದವನು ನಾನು. ಆ ಕಳ್ಳ ಮಾಲಿಗೆ ನನ್ನದೂ ನಾಲ್ಕು ಹೋಳು ಸೇರಿತು.

ಮನೆಗೆ ಬಂದಾಗ ಆಯಿ, "ಆಸರಿಗೆ ಎಂತ ಬೇಕು?" ಅಂದಳು. ಅಪ್ಪ ಜಗಲಿಯಲ್ಲಿದ್ದ. ಕಾಗದ ಬಿಚ್ಚಿ ಕೈಗೆ ಕೊಟ್ಟೆ. ಅಪ್ಪ ಹೆಲಿಕಾಪ್ಟರ್ ಬಗ್ಗೆ ಒಂದು ಮಾತೂ ಕೇಳಲಿಲ್ಲ. ಒಂದು ಹೋಳನ್ನು ಅಡಕತ್ತರಿಗೆ ಕೊಟ್ಟು ತುಂಡು ಮಾಡಿ, ಬೆಳಕಿಗೆ ಹಿಡಿದು, ಮೂಸಿ, ಚೂರು ಬಾಯಿಗೆ ಹಾಕಿಕೊಂಡ. ತುಂಬಾ ಹೊತ್ತು ಜಗಿದ.

"ಸರಿ ಒಣಗಿದ್ದಿಲ್ಲೆ ತಮಾ," ಅಂದ. "ನಮ್ಮ ಚಾಲಿಯ ಹಾಂಗೆ ನಲವತ್ತು ದಿನ ಬಿಸಿಲು ಕಂಡಿದ್ದಲ್ಲ ಇದು."

ಶಿರಸಿ ಸುಪಾರಿಗೆ, ಅಂದರೆ ನಮ್ಮ ಕಡೆಯ ಅಡಿಕೆಗೆ, ಇದು ಈ ಊರಿನದೇ ವಿಶೇಷ ಅನ್ನುವ ಜಿಐ ಟ್ಯಾಗ್ ಸಿಕ್ಕಿದ್ದು 2019ರಲ್ಲಿ. ಅಪ್ಪ ಆರು ವರ್ಷ ಮೊದಲೇ ಜಗಲಿಯಲ್ಲಿ ಕೂತು ಅದನ್ನು ಕೊಟ್ಟಾಗಿತ್ತು.

ಉಳಿದ ಮೂರು ಹೋಳನ್ನು ಕವಳದ ಬಟ್ಟಲಿನ ಒಂದು ಬದಿಗೆ ಬೇರೆ ಇಟ್ಟ. ದರದ ಮಾತು ಬಂದಾಗಲೆಲ್ಲ ಎತ್ತಿ ತೋರಿಸುತ್ತಿದ್ದ, "ಇದೇ ನೋಡು ಬರ್ಮಾ ಅಡಿಕೆ, ಮಗ ತಂದಿದ್ದು." ಒಂದು ತಿಂಗಳು ಹೀಗೆ ನಡೆಯಿತು. ಆಮೇಲೆ ಒಂದು ದಿನ ಬಂದ ನೆಂಟರೊಬ್ಬರು ಕಳ್ಳಸಾಗಣೆಯವರನ್ನು ಬೈಯುತ್ತಾ ಬೈಯುತ್ತಾ ಬಟ್ಟಲಿಗೆ ಕೈ ಹಾಕಿ, ಅದೇ ಹೋಳುಗಳನ್ನು ಎತ್ತಿ ಕತ್ತರಿಸಿ, ಕವಳ ಕಟ್ಟಿ ಬಾಯಿಗಿಟ್ಟರು. ಅವರಿಗೆ ಏನೂ ಗೊತ್ತಾಗಲಿಲ್ಲ. ಅಪ್ಪ ಮಾತು ನಿಲ್ಲಿಸಿ ಅವರ ಬಾಯಿಯನ್ನೇ ನೋಡುತ್ತಾ ಕೂತಿದ್ದ.