ಮಾಂಟೆಗೊ: ಕಾಫಿ ಹಣವೂ ಕೊಳ್ಳದ ಕಾರು

1994ರ ಜೂನ್ ಮತ್ತು ಜುಲೈ ತಿಂಗಳಲ್ಲಿ ಬ್ರೆಜಿಲ್‌ನಲ್ಲಿ ಎರಡು ಬಾರಿ ಫ್ರಾಸ್ಟ್ (ಕೊರೆವ ಹಿಮ) ಬಿದ್ದು ಅಲ್ಲಿನ ಕಾಫಿ ಗಿಡಗಳು ಸುಟ್ಟುಹೋದಾಗ, ಜಗತ್ತಿನಾದ್ಯಂತ ಕಾಫಿ ಬೆಲೆ ಏರಿ ಇಲ್ಲಿ ಚಿಕ್ಕಮಗಳೂರಿನ ಬೆಳೆಗಾರರ ಕೈಯಲ್ಲಿ ಹಿಂದೆಂದೂ ಕಾಣದಷ್ಟು ಹಣ ಓಡಾಡತೊಡಗಿತು. ಬೆಳೆಯನ್ನೆಲ್ಲ ಕಾಫಿ ಬೋರ್ಡಿಗೇ ಒಪ್ಪಿಸಬೇಕೆಂಬ ಪೂಲ್ ಪದ್ಧತಿಯ ಹಿಡಿತವೂ ಆ ವೇಳೆಗೆ ಸಡಿಲವಾಗಿತ್ತು. ಜೀಪು, ಅಂಬಾಸಿಡರ್‌ಗಳೇ ತುಂಬಿದ್ದ ಮೂಡಿಗೆರೆ, ಆಲ್ದೂರಿನ ರಸ್ತೆಗಳಲ್ಲಿ ಮಾರುತಿಯ ಎಸ್ಟೀಮ್, ಡೇವೂನ ಸಿಯೆಲೊಗಳು ಕಾಣಿಸಿಕೊಂಡದ್ದು ಆ ವರ್ಷಗಳಲ್ಲಿಯೇ. ಆದರೂ ನಮ್ಮ ರಾಜಧಾನಿಯಲ್ಲೇ ಸಿಪಾನಿ ಸಂಸ್ಥೆ ಜೋಡಿಸಿ ಮಾರಿದ ಬ್ರಿಟಿಷ್ ಸೆಡಾನ್ ರೋವರ್ ಮಾಂಟೆಗೊ ಮಲೆನಾಡಿಗೆ ಒಗ್ಗಲಿಲ್ಲ. ಇಡೀ ದೇಶಕ್ಕೆಂದು ಇಲ್ಲಿ ತಯಾರಾದದ್ದೇ ಕೆಲವು ನೂರು ಕಾರುಗಳು.

ಕಾರು ಕೆಟ್ಟದ್ದಾಗಿತ್ತು ಎಂಬ ಮಾತನ್ನು ನಾನು ಒಪ್ಪುವುದಿಲ್ಲ. ಪರ್ಕಿನ್ಸ್ ಮತ್ತು ಆಸ್ಟಿನ್ ರೋವರ್ ಸಂಸ್ಥೆಗಳು ಕೂಡಿ ರೂಪಿಸಿದ ಅದರ 2 ಲೀಟರ್ ಟರ್ಬೊ ಡೀಸೆಲ್ ಎಂಜಿನ್, ಇಂಧನವನ್ನು ನೇರವಾಗಿ ಸಿಲಿಂಡರಿಗೇ ಸಿಂಪಡಿಸುವ ವಿಧಾನದ್ದಾಗಿದ್ದು, ಸುಮಾರು 80 ಅಶ್ವಶಕ್ತಿ ನೀಡುತ್ತಿತ್ತು, 1.5 ಲೀಟರಿನ ಅಂಬಾಸಿಡರ್ ಡೀಸೆಲ್‌ಗೆ ಅದರ ಅರ್ಧದಷ್ಟೂ ಇರಲಿಲ್ಲ. ಚಾರ್ಮಾಡಿ ಘಾಟಿಯ ತಿರುವುಗಳನ್ನು ಎರಡನೇ ಗೇರಿನಲ್ಲಿ ನರಳುತ್ತಾ ಏರಿದವರಿಗೆ ಈ ವ್ಯತ್ಯಾಸದ ಬೆಲೆಯನ್ನು ಬಿಡಿಸಿ ಹೇಳಬೇಕಾಗಿಲ್ಲ.

ತೊಡಕಿದ್ದದ್ದು ವಯಸ್ಸಿನಲ್ಲಿ ಮತ್ತು ಆಸರೆಯಲ್ಲಿ. ಮಾಂಟೆಗೊ ಬ್ರಿಟನ್ನಿನಲ್ಲಿ ಮಾರುಕಟ್ಟೆಗೆ ಬಂದದ್ದು 1984ರಲ್ಲಿ. (ಆರಂಭದ ಕೆಲವು ದುಬಾರಿ ಮಾದರಿಗಳಲ್ಲಿ ಡ್ಯಾಶ್‌ಬೋರ್ಡೇ ಹೆಣ್ಣುದನಿಯಲ್ಲಿ ಮಾತನಾಡುತ್ತಿತ್ತಂತೆ, ನಮ್ಮ ಮಣ್ಣುರಸ್ತೆಗಳಲ್ಲಿ ಅದು ಏನೇನು ದೂರುತ್ತಿತ್ತೋ.) ಅದು ಭಾರತಕ್ಕೆ ಬರುವ ಹೊತ್ತಿಗೆ ತವರಿನಲ್ಲಿ ಅದರ ಕಾಲ ಮುಗಿದಿತ್ತು, ರೋವರ್ ಕಂಪನಿಯೂ 1994ರಲ್ಲಿ ಬಿಎಂಡಬ್ಲ್ಯು ಪಾಲಾಗಿತ್ತು. ಇತ್ತ ಸಿಪಾನಿ ಎಂದೊಡನೆ ಜನರಿಗೆ ನೆನಪಾಗುತ್ತಿದ್ದದ್ದು ಬಾದಲ್ ಮತ್ತು ಡಾಲ್ಫಿನ್, ಅಂದರೆ ಫೈಬರ್ ಮೈಯ ಪುಟ್ಟ ಗಾಡಿಗಳು. ಅಂಥ ಹೆಸರನ್ನು ನಂಬಿ ಐಷಾರಾಮಿ ಸೆಡಾನಿನ ಬೆಲೆ ತೆರಲು ಯಾರೂ ಸಿದ್ಧರಿರಲಿಲ್ಲ.

ರೋವರ್ ಎಂಬ ಮಾತಿಗೂ ಇಲ್ಲಿ ಹಳೆಯ ಕಹಿಯೊಂದು ಅಂಟಿಕೊಂಡಿತ್ತು. ಮದರಾಸಿನ ಸ್ಟ್ಯಾಂಡರ್ಡ್ ಸಂಸ್ಥೆ 1985ರಲ್ಲಿ ರೋವರ್ ಎಸ್‌ಡಿ1 ಎಂಬ ಕಾರಿನ ಚೆಂದದ ಮೈಯೊಳಗೆ ತನ್ನ ಹಳೆಯ ವ್ಯಾನ್‌ಗಾರ್ಡ್ ಕಾರಿನ ಕಾಲದ ಎಂಜಿನ್ನನ್ನು ಇಟ್ಟು ಸ್ಟ್ಯಾಂಡರ್ಡ್ 2000 ಎಂದು ಮಾರಹೊರಟು, 1988ರ ವೇಳೆಗೆ ಅದರ ತಯಾರಿಕೆಯನ್ನೇ ನಿಲ್ಲಿಸಿತ್ತು. ಅಲ್ಲಿ ಸೋತದ್ದು ಎಂಜಿನ್. ಮಾಂಟೆಗೊದಲ್ಲಿ ಗೆಲ್ಲಬೇಕಿದ್ದದ್ದೇ ಎಂಜಿನ್. ಕೊಳ್ಳುವವರು ಅಷ್ಟು ಸೂಕ್ಷ್ಮವಾಗಿ ವಿಂಗಡಿಸಲಿಲ್ಲ.

ನಮ್ಮ ದೊಡ್ಡಪ್ಪ ಮಾಂಟೆಗೊದ ಬಗ್ಗೆ ಸಾಕಷ್ಟು ವಿಚಾರಿಸಿ, ಕೊನೆಗೆ ಕೇಳಿದ್ದು ಒಂದೇ ಪ್ರಶ್ನೆ: "ಕೊಟ್ಟಿಗೆಹಾರದಲ್ಲಿ ಕೆಟ್ಟು ನಿಂತರೆ ಯಾರನ್ನು ಕರೆಯೋಣ?" ಅಂಬಾಸಿಡರ್ ಆದರೆ ಮೂಡಿಗೆರೆಯ ಯಾವ ಗ್ಯಾರೇಜಿನವನಾದರೂ ಬಿಚ್ಚಿ ಜೋಡಿಸುತ್ತಿದ್ದ, ಮಾರುತಿಯ ಬಿಡಿಭಾಗ ಹಾಸನದಲ್ಲೋ ಚಿಕ್ಕಮಗಳೂರಿನಲ್ಲೋ ಸಿಗುತ್ತಿತ್ತು. ಅವರು ಎಸ್ಟೀಮ್ ಕೊಂಡರು. ಅದು ಜಿಪುಣತನವಲ್ಲ, ಘಾಟಿಯ ಮಳೆಯನ್ನು ಬಲ್ಲವರ ಲೆಕ್ಕಾಚಾರ.

ಆ ಟರ್ಬೊ ಡೀಸೆಲ್ ಎಂಜಿನ್ 1988ರಲ್ಲಿ ಮಾಂಟೆಗೊವನ್ನು ಸೇರಿದಾಗಲೇ ಕಾರು ಇಲ್ಲಿಗೆ ಬಂದಿದ್ದರೆ ಅದರೆದುರು ಅಂಬಾಸಿಡರ್, ಪದ್ಮಿನಿ, ಕಾಂಟೆಸಾದಂಥ ಹಳಬರಷ್ಟೇ ನಿಲ್ಲಬೇಕಿತ್ತು. ಆದರೆ ಕಾರು ತಯಾರಿಕೆಯ ಲೈಸೆನ್ಸ್ ಕಟ್ಟುಪಾಡನ್ನು ಸರಕಾರ ತೆಗೆದುಹಾಕಿದ್ದು 1993ರಲ್ಲಿ, ಮತ್ತು ಅದೇ ಬಾಗಿಲಿನಿಂದ ಸಿಯೆಲೊದಂಥ ಹೊಸಬರೂ ಒಳಗೆ ಬಂದರು.